ಸೊಟ್ಟ ತೊಟ್ಟಿಗೆ ದುಬಾರಿ ದೀಪ ಏಕೆ?

ಯಲಹಂಕ, ಹೆಬ್ಬಾಳದ ಕಡೆ ಹೊಸ ಮನೆ ಕಟ್ಟಿಸಿದ ಕೆಲವರ ಹಾಲ್‌ನಲ್ಲಿ ಈಗ ಟಿ.ವಿ. ಪಕ್ಕದಲ್ಲಿ ಸಮುದ್ರವೂ ಇದೆ. ಉಪ್ಪುನೀರಿನ ಗಾಜಿನ ತೊಟ್ಟಿ, ಅದರೊಳಗೆ ಬಂಡೆ, ಬಂಡೆಯ ಮೇಲೆ ಹವಳ, ಸುತ್ತ ಕಿತ್ತಳೆ ಬಣ್ಣದ ಮೀನು. ತೊಟ್ಟಿ ಅಂದರೆ ಮೊದಲಿನ ಹಾಗೆ ಉದ್ದನೆಯ ಡಬ್ಬಿಯಲ್ಲ. ಗೋಡೆಯ ಮೂಲೆಗೆ ಒರಗುವ ಎಲ್ ಆಕಾರ, ಆರು ಮೂಲೆಯ ಕಂಬ, ಮುಂಭಾಗ ಬಿಲ್ಲಿನಂತೆ ಬಾಗಿದ್ದು, ಮೆಟ್ಟಿಲ ಕೆಳಗೆ ತೂರಿಸಿದ ತ್ರಿಕೋನ. ಮನೆ ಹೇಗಿದೆಯೋ ಹಾಗೆ ಗಾಜು ಕತ್ತರಿಸುತ್ತಾರೆ.

ಊರಲ್ಲಿ ಕೂತು ಫೋನಿನಲ್ಲಿ ಇದನ್ನು ಓದುತ್ತಿರುವ ನೀವು, ದುಡ್ಡಿದ್ದವರ ಶೋಕಿ ನಮಗೇಕೆ ಎಂದು ಕೇಳಬಹುದು. ನಮಗೂ ಮೊದಲು ಹಾಗೇ ಅನಿಸಿತ್ತು. ಆದರೆ ಆ ತೊಟ್ಟಿಗೆ ಸ್ಟ್ಯಾಂಡ್ ವೆಲ್ಡಿಂಗ್ ಮಾಡುವವರು, ಗಾಜು ಅಂಟಿಸುವವರು, ವೈರಿಂಗ್ ಎಳೆಯುವವರು, ವಾರಕ್ಕೊಮ್ಮೆ ಹೋಗಿ ನೀರು ಬದಲಿಸುವವರಲ್ಲಿ ನಮ್ಮ ಊರುಗಳ ಹುಡುಗರೂ ಇದ್ದಾರೆ. ಮನೆ ಯಜಮಾನ ಕೊನೆಗೆ ಕೇಳುವುದು ಅವರನ್ನೇ: ‘ಲೈಟ್ ಯಾವುದು ಹಾಕೋಣ?’ ಉತ್ತರ ತಪ್ಪಿದರೆ ಹವಳ ಬೆಳ್ಳಗಾಗಿ ಸಾಯುತ್ತದೆ, ಅಥವಾ ಮೀಟರ್ ಓಡುತ್ತದೆ, ಅಥವಾ ಯಾರಿಗೋ ಶಾಕ್ ಹೊಡೆಯುತ್ತದೆ. ಮೂರರಲ್ಲಿ ಯಾವುದಾದರೂ ಬೈಗುಳ ಮಾತ್ರ ಆ ಹುಡುಗನಿಗೇ. ಹಾಗಾಗಿ ಈ ವಿಷಯ ನಮ್ಮದೂ ಹೌದು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ದೊಡ್ಡದಾದ, ಸೊಟ್ಟ ಆಕಾರದ ತೊಟ್ಟಿಗೆ ಸಾಲಾಗಿ ದುಬಾರಿ ದೀಪ ಜೋಡಿಸುವುದು ದಂಡ. ಹವಳ ಎಲ್ಲಿ ಕೂತಿದೆಯೋ ಅಲ್ಲಿಗೆ ಮಾತ್ರ, ಸಾಧಾರಣ ದೀಪಗಳಿಂದ, ಸರಿಯಾದ ಎತ್ತರದಿಂದ ಬೆಳಕು ಕೊಟ್ಟರೆ ಸಾಕು. ಉಳಿದ ದುಡ್ಡು ಶಾಕ್ ಹೊಡೆಯದಂತೆ ನೋಡಿಕೊಳ್ಳುವುದಕ್ಕೆ ಹೋಗಲಿ.

ಬೆಳಕಿನ ಬೇಸಾಯ ನಮಗೆ ಹೊಸದಲ್ಲ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಬಂದವರು ಸೇವಂತಿಗೆ ಹೊಲದಲ್ಲಿ ಸಾಲುಸಾಲು ಬಲ್ಬ್ ಉರಿಯುವುದನ್ನು ನೋಡಿರುತ್ತೀರಿ. ಜಾತ್ರೆಯೇನೋ ಅಂದುಕೊಂಡವರೂ ಉಂಟು. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ. ರಾತ್ರಿಯಲ್ಲಿ ಬೆಳಕು ಕೊಟ್ಟು ಅದನ್ನು ಏಮಾರಿಸಿದರೆ ಹೂ ಬಿಡುವುದನ್ನು ಮುಂದೂಡಿ, ಕಾಂಡ ಬೆಳೆಸುತ್ತದೆ. ಗಿಡ ಎತ್ತರವಾದ ಮೇಲೆ ಬಲ್ಬ್ ಆರಿಸಿದರೆ ಹೂವು ಹೆಚ್ಚುಕಡಿಮೆ ಒಟ್ಟಿಗೆ ಬರುತ್ತದೆ. ಅಲ್ಲಿ ಬೆಳಕು ಒಂದು ಸನ್ನೆ ಅಷ್ಟೇ. ಅದಕ್ಕೇ ಮನೆಯಲ್ಲಿ ಹಾಕುವ ಸಣ್ಣ ಬಲ್ಬೂ ಸಾಕಾಗುತ್ತದೆ.

ಹವಳದ ಕಥೆ ಬೇರೆ. ಹವಳ ಗಿಡವಲ್ಲ, ಕಲ್ಲೂ ಅಲ್ಲ, ಅದು ಪ್ರಾಣಿ. ಆದರೆ ತನ್ನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯನ್ನು ಸಾಕಿಕೊಂಡಿರುತ್ತದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಅಂದರೆ ಇಲ್ಲಿ ಬೆಳಕು ಸನ್ನೆಯಲ್ಲ, ಊಟ. ಕಡಿಮೆಯಾದರೆ ಹವಳ ನಿಧಾನವಾಗಿ ಹಸಿವಿನಿಂದ ಸೊರಗುತ್ತದೆ. ಏಕಾಏಕಿ ಹೆಚ್ಚಾದರೆ ಒಳಗಿನ ಪಾಚಿಯನ್ನೇ ಹೊರಹಾಕಿ ಬೆಳ್ಳಗಾಗುತ್ತದೆ. ಯೂರಿಯಾ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಮುದ್ರದ ನೀರಿನಲ್ಲಿ ಕೆಂಪು ಬೆಳಕು ಮೇಲಿನ ಕೆಲವು ಮೀಟರ್‌ಗಳಲ್ಲೇ ಮುಗಿದುಹೋಗುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿ ಆ ನೀಲಿಗೇ ಹೊಂದಿಕೊಂಡಿದೆ. ಹವಳದ ತೊಟ್ಟಿಗಳು ರಾತ್ರಿ ಬಾರಿನ ಹಾಗೆ ನೀಲಿ ನೀಲಿ ಹೊಳೆಯುವುದು ಇದಕ್ಕೇ, ಬರೀ ಅಂದಕ್ಕಲ್ಲ.

ಅಂಗಡಿಯವರು ಹೇಳದ ಸಂಗತಿ ಒಂದಿದೆ. ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬ್ ಕೂಡ ಒಳಗೆ ನೀಲಿಯೇ. ನೀಲಿ ಎಲ್‌ಇಡಿ ಮೇಲೆ ಹಳದಿ ಬಣ್ಣದ ರಾಸಾಯನಿಕದ ಲೇಪ ಬಳಿದಿರುತ್ತಾರೆ, ಎರಡೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಆ ನೀಲಿ ಎಲ್‌ಇಡಿ ಕಂಡುಹಿಡಿದ ಜಪಾನ್ ಮೂಲದ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ‘6500 ಕೆಲ್ವಿನ್, ಕೂಲ್ ಡೇ ಲೈಟ್’ ಎಂದು ಬರೆದಿರುವ ಸಾಮಾನ್ಯ ಫ್ಲಡ್ ಲೈಟ್‌ನಲ್ಲೂ ಹವಳಕ್ಕೆ ಬೇಕಾದ ನೀಲಿ ಒಂದಷ್ಟು ಇರುತ್ತದೆ. ಅದರ ಪಕ್ಕ 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಫ್ಲಡ್ ಇನ್ನೊಂದು ಹಾಕಿದರೆ ಹವಳದ ಊಟಕ್ಕೆ ಬೇಕಾದ್ದು ಬಂದ ಹಾಗೇ. ಹೊರದೇಶದ ಒಂದು ದೀಪಕ್ಕೇ ಹತ್ತಾರು ಸಾವಿರ ಕೊಡುವ ಕಡೆ, ಇದರ ಬೆಲೆ ಅದರ ಒಂದು ಸಣ್ಣ ಪಾಲು.

ಹಾಗಂತ ಬ್ರಾಂಡ್ ದೀಪ ಕೆಟ್ಟದ್ದು ಎನ್ನುತ್ತಿಲ್ಲ. ಅದರ ಬೆಳಕು ಹದವಾಗಿ ಹರಡುತ್ತದೆ, ಫೋನಿನಿಂದಲೇ ಹೆಚ್ಚು ಕಡಿಮೆ ಮಾಡಬಹುದು, ಗ್ಯಾರಂಟಿ ಇರುತ್ತದೆ. ಎರಡಡಿಗೆ ಎರಡಡಿಯ ಚೌಕ ತೊಟ್ಟಿಯಾದರೆ ಒಂದು ತಂದು ಮೇಲೆ ತೂಗುಹಾಕಿ ನೆಮ್ಮದಿಯಾಗಿರಬಹುದು. ತೊಂದರೆ ಬರುವುದೇ ಆಕಾರದಲ್ಲಿ. ಆ ದೀಪಗಳೆಲ್ಲ ಚೌಕ ಜಾಗಕ್ಕೆಂದು ಮಾಡಿದವು. ಸೊಟ್ಟ ತೊಟ್ಟಿಯ ಮೇಲಿಟ್ಟರೆ ಅರ್ಧ ಬೆಳಕು ಗೋಡೆಗೆ, ಇನ್ನರ್ಧ ಬರೀ ನೀರಿಗೆ.

ಲೆಕ್ಕ ಹಾಕೋಣ. ಮೂಲೆಗೆ ಸೇರುವ ಎಲ್ ಆಕಾರದ ತೊಟ್ಟಿ ಎಂದುಕೊಳ್ಳಿ. ಒಂದು ಕೈ 6 ಅಡಿ ಉದ್ದ, 2 ಅಡಿ ಅಗಲ. ಮೂಲೆ ತಿರುಗಿದ ಮೇಲೆ ಇನ್ನೊಂದು ಕೈ 3 ಅಡಿ ಉದ್ದ, 2 ಅಡಿ ಅಗಲ. ನೀರು 2 ಅಡಿ. ಮೇಲ್ಮೈ 18 ಚದರ ಅಡಿ, ನೀರು ಸುಮಾರು ಸಾವಿರ ಲೀಟರ್, ತೂಕ ಒಂದು ಟನ್‌ಗೂ ಜಾಸ್ತಿ. (ಇಂಥದ್ದನ್ನು ಮೊದಲ ಮಹಡಿಯಲ್ಲಿ ಇಡುವ ಮೊದಲು ಎಂಜಿನಿಯರ್ ಅನ್ನು ಕೇಳಿ, ಮೇಸ್ತ್ರಿಯನ್ನಲ್ಲ.) ಇಂಥ ದೀಪ ಒಂದಕ್ಕೆ 4 ಚದರ ಅಡಿ ಎಂದು ಹಿಡಿಯುವುದು ರೂಢಿ. ಹಾಗೆ ಹಿಡಿದರೆ 5 ದೀಪ ಬೇಕು. ಒಂದೊಂದೂ 130 ವ್ಯಾಟ್ ಆದರೆ 650 ವ್ಯಾಟ್. ದಿನಕ್ಕೆ 8 ಗಂಟೆ ಉರಿದರೆ ತಿಂಗಳಿಗೆ 156 ಯೂನಿಟ್.

ಈಗ ತೊಟ್ಟಿಯೊಳಗೆ ಇಣುಕಿ. 18 ಚದರ ಅಡಿ ಪೂರ್ತಿ ಹವಳವೇ ಇರುತ್ತದೆಯೇ? ಇಲ್ಲ. ಬಂಡೆಗಳನ್ನು ಎರಡು ಮೂರು ಗುಡ್ಡೆ ಮಾಡಿರುತ್ತಾರೆ. ಮಧ್ಯೆ ಮರಳು, ಮೀನು ಓಡಾಡುವ ಬಯಲು. ಮೀನಿಗೆ ಹವಳದಷ್ಟು ಬೆಳಕು ಬೇಡ, ಮರಳಿಗಂತೂ ಬೇಡವೇ ಬೇಡ. ಮರಳಿನ ಮೇಲೆ ಸುರಿದ ಬೆಳಕಿನಿಂದ ಬೆಳೆಯುವುದು ಬೇಡದ ಪಾಚಿ. ಆಮೇಲೆ ಅದನ್ನು ಉಜ್ಜಿ ತೆಗೆಯುವ ಕೆಲಸವೂ ನಮ್ಮ ಹುಡುಗನದೇ.

ಮೂರು ಗುಡ್ಡೆಗೆ ಒಂದೊಂದು ಬಿಳಿ, ಒಂದೊಂದು ನೀಲಿ, ತಲಾ 50 ವ್ಯಾಟ್ ಎಂದಿಟ್ಟುಕೊಳ್ಳಿ. ಒಟ್ಟು 300 ವ್ಯಾಟ್. ಉಳಿದ ಜಾಗ ಕತ್ತಲಾಗಿ ಕಾಣದಿರಲಿ ಎಂದು 30 ವ್ಯಾಟ್‌ನ ನೀಲಿ ಪಟ್ಟಿ. ಅದೇ 8 ಗಂಟೆಗೆ ತಿಂಗಳಿಗೆ 79 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳಿಗೆ 460 ರೂಪಾಯಿ ಉಳಿಯಿತು. ದೊಡ್ಡ ಮನೆಯವರಿಗೆ ಇದು ಲೆಕ್ಕಕ್ಕಿಲ್ಲದಿರಬಹುದು. ಆದರೆ ಆರ್.ಟಿ. ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡೇ ಆಸೆಗೆ ಹವಳ ಸಾಕುವವರಿದ್ದಾರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅಂಥ ಮನೆಗೆ 156 ಮತ್ತು 79ರ ನಡುವಿನ ವ್ಯತ್ಯಾಸ ದೊಡ್ಡದು.

ಎಲ್ಲ ಆಕಾರಕ್ಕೂ ಇದೇ ಉತ್ತರವಲ್ಲ. ಆರು ಮೂಲೆಯ, ಎತ್ತರದ ತೊಟ್ಟಿಯಲ್ಲಿ ಅಗಲ ಕಡಿಮೆ, ಆಳ ಜಾಸ್ತಿ. ಅಲ್ಲಿ ಅಗಲಕ್ಕೆ ಹರಡುವ ಫ್ಲಡ್ ಕೆಲಸಕ್ಕೆ ಬಾರದು. ಬೆಳಕನ್ನು ಕಿರಿದಾಗಿ ಕೆಳಕ್ಕೆ ತಳ್ಳುವ, ಲೆನ್ಸ್ ಇರುವ ದೀಪ ನಡುವೆ ಒಂದೇ ಸಾಕು. ಬಂಡೆಯನ್ನೂ ಮೇಲೆ ಏರಿಸಿ ಕಟ್ಟಬೇಕು. ಬಿಲ್ಲಿನಂತೆ ಬಾಗಿದ ತೊಟ್ಟಿಗೆ ಹಿಂದೆ ಎರಡು, ಮುಂದಿನ ಉಬ್ಬಿನ ಮೇಲೆ ಒಂದು. ತ್ರಿಕೋನಕ್ಕೆ ಚೂಪಾದ ಮೂಲೆಯನ್ನು ಬಿಟ್ಟುಬಿಡಿ, ಅಲ್ಲಿ ಪಂಪ್ ಬಚ್ಚಿಡಿ. ಹಳೆಯ ಟಿ5 ಟ್ಯೂಬ್‌ಗಳ ಬೆಳಕು ಚೆನ್ನಾಗಿಯೇ ಹರಡುತ್ತಿತ್ತು, ಆದರೆ 54 ವ್ಯಾಟ್ ಟ್ಯೂಬ್ ಹೆಚ್ಚುಕಡಿಮೆ ನಾಲ್ಕಡಿ, ಅದನ್ನು ಮೂಲೆಯಲ್ಲಿ ಬಗ್ಗಿಸಲಾಗುವುದಿಲ್ಲ. ಪಾದರಸ ಇರುವ ಟ್ಯೂಬ್‌ಗಳನ್ನು 2027ರ ವೇಳೆಗೆ ನಿಲ್ಲಿಸಬೇಕೆಂದು ದೇಶಗಳು ಒಪ್ಪಿಯೂ ಆಗಿದೆ. ಈಗ ಅದಕ್ಕೆ ದುಡ್ಡು ಹಾಕುವುದು ಬೇಡ.

ದೀಪಗಳನ್ನು ತೂಗುಹಾಕುವುದಕ್ಕೆ ಅಲ್ಯೂಮಿನಿಯಂ ಚಾನೆಲ್ ಬೇಕು. ಯಶವಂತಪುರ ದಾಟಿದರೆ ಪೀಣ್ಯ. ತೊಟ್ಟಿಯ ಆಕಾರಕ್ಕೆ ತಕ್ಕ ಹಾಗೆ ಚಾನೆಲ್ ಕತ್ತರಿಸಿ, ತೂತು ಕೊರೆದು ಕೊಡುವ ಕೈಗಳು ಅಲ್ಲಿವೆ. ಚಾನೆಲ್‌ಗೆ ಸರಪಳಿ ಹಾಕಿ ದೀಪ ಇಳಿಬಿಡಿ. ಅಗ್ಗದ ಫ್ಲಡ್‌ನಲ್ಲಿ ಬೆಳಕು ಕಡಿಮೆ ಹೆಚ್ಚು ಮಾಡುವ ತಿರುಗಣಿ ಇರುವುದಿಲ್ಲ. ಸರಪಳಿಯೇ ಆ ತಿರುಗಣಿ. ಬರಿಗಾಳಿಯಲ್ಲಿ ದೂರ ಎರಡು ಪಟ್ಟಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ತೊಟ್ಟಿಯಲ್ಲಿ ಪಕ್ಕದ ಗಾಜು ಒಂದಷ್ಟು ಬೆಳಕನ್ನು ಒಳಕ್ಕೇ ತಿರುಗಿಸುವುದರಿಂದ ಅಷ್ಟು ಇಳಿಯದು, ಆದರೂ ಇಳಿಯುತ್ತದೆ. ಹೊಸ ದೀಪ ಹಾಕಿದ ದಿನ ನೀರಿನಿಂದ ಎರಡಡಿ ಮೇಲಿರಲಿ. ವಾರಕ್ಕೆ ಎರಡು ಮೂರು ಬೆರಳಿನಷ್ಟು ಇಳಿಸುತ್ತಾ ಬನ್ನಿ. ಹವಳದ ಬಣ್ಣ ತೆಳುವಾಗುತ್ತಿದೆ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಒಂದು ಗೇಣು ಮೇಲೆತ್ತಿ.

ಇನ್ನು ಅಗ್ಗದ ದೀಪದ ವಿಷಯದಲ್ಲಿ ನಮಗೆ ನಿಜವಾಗಿ ಭಯ ಇರುವ ಜಾಗ. ಈಗ ಬರುತ್ತಿರುವ ಕಡಿಮೆ ಬೆಲೆಯ ಫ್ಲಡ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಡ್ರೈವರ್ ಎಂಬ ಪುಟ್ಟ ಡಬ್ಬಿ ಬೇರೆ ಇರುತ್ತದೆ, 230 ವೋಲ್ಟ್ ಅಲ್ಲಿಗೇ ನಿಂತು ಮುಂದೆ ಕಡಿಮೆ ವೋಲ್ಟ್‌ನ ಡಿ.ಸಿ. ಹೋಗುತ್ತದೆ. ಇನ್ನೊಂದರಲ್ಲಿ ಡ್ರೈವರ್ ಡಬ್ಬಿಯೇ ಇಲ್ಲ, ಎಲ್‌ಇಡಿ ಕೂತ ತಟ್ಟೆಗೇ ಮನೆಯ ಕರೆಂಟು ನೇರ ಬರುತ್ತದೆ. ಅಂಗಡಿಯವರು ಅದನ್ನು ‘ಡಿಒಬಿ’ ಎನ್ನುತ್ತಾರೆ. ಕೈಯಲ್ಲಿ ಹಿಡಿದರೆ ಹಗುರ, ಬೆಲೆಯೂ ಹಗುರ. ಅದು ಹಸುವಿನ ಕೊಟ್ಟಿಗೆಯ ಮುಂದೆ, ಎತ್ತರದ ಗೋಡೆಯ ಮೇಲೆ ಇರಲಿ, ತೊಟ್ಟಿಯ ಮೇಲೆ ಬೇಡ. ಹವಳದ ತೊಟ್ಟಿಯಿಂದ ಸದಾ ಉಪ್ಪಿನ ಹನಿ ಹಾರಿ ಬಂದು ದೀಪದ ಮೇಲೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಉಪ್ಪು ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಕರೆಂಟು ಹರಿಸುತ್ತದೆ. ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಿ ಹೋದವರ ಸುದ್ದಿ ಕೇಳಿ ಬೆಳೆದವರಿಗೆ ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ಆದ್ದರಿಂದ ಡ್ರೈವರ್ ಬೇರೆ ಇರುವ ದೀಪವನ್ನೇ ಕೇಳಿ. ಡಬ್ಬಿಯ ಮೇಲೆ ಬಿಐಎಸ್ ಗುರುತು, ‘ಆರ್’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಡ್ರೈವರ್‌ಗಳನ್ನು ತೊಟ್ಟಿಯ ಮೇಲಲ್ಲ, ಪಕ್ಕದ ಗೋಡೆಗೆ ಕೂರಿಸಿ. ಪ್ಲಗ್‌ಗೆ ಹೋಗುವ ವೈರ್ ಮೊದಲು ಕೆಳಕ್ಕೆ ಜೋತು ಆಮೇಲೆ ಮೇಲೇರಲಿ, ಆಗ ಹನಿ ಜಾರಿ ನೆಲಕ್ಕೆ ಬೀಳುತ್ತದೆ, ಪ್ಲಗ್‌ಗಲ್ಲ. ಎಲ್ಲಕ್ಕಿಂತ ಮೊದಲು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ನೋಡಿ. ಯಜಮಾನ ‘ಅದೆಲ್ಲ ಆಮೇಲೆ’ ಎಂದರೆ ಕೆಲಸ ಒಪ್ಪಿಕೊಳ್ಳಬೇಡಿ. ನೀರಿಗೆ ಕೈ ಹಾಕುವವರು ನೀವು, ಅವರಲ್ಲ.

ಎಷ್ಟು ಬೆಳಕು ಸಾಕು ಎನ್ನುವ ಪ್ರಶ್ನೆಗೆ ಕಾನೂನೂ ಸೇರಿಕೊಳ್ಳುತ್ತದೆ. ಬಂಡೆಯಂತೆ ಗಟ್ಟಿಯಾಗುವ ಹವಳಗಳು, ಕಪ್ಪು ಹವಳ, ಬೀಸಣಿಗೆಯಂಥ ಸಮುದ್ರ ಬೀಸಣಿಗೆ, ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ನಮ್ಮ ರಾಜ್ಯದಲ್ಲೇ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಅಲ್ಲಿಂದ ಒಂದು ತುಂಡು ಮುರಿದು ತಂದರೆ ಅದು ಬೇಟೆ ಮಾಡಿದ ಹಾಗೇ. ತಪ್ಪು ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. ಕವರಿನಲ್ಲಿ ನೀರು ತುಂಬಿ ಹವಳ ಹೊತ್ತು ಬೈಕಿನಲ್ಲಿ ಬರುವವನು ಸಿಕ್ಕಿಬಿದ್ದರೆ ಯಜಮಾನನ ಹೆಸರು ಮೊದಲು ಬರುವುದಿಲ್ಲ, ಅವನದೇ ಬರುತ್ತದೆ. ಯಾವ ಜೀವಿಯನ್ನೇ ಆಗಲಿ, ಎಲ್ಲಿಂದ ಬಂತು ಎನ್ನುವ ಕಾಗದ ಇಲ್ಲದೆ ಮುಟ್ಟಬೇಡಿ.

ಇದರಲ್ಲಿ ಜೇಬಿಗೂ ಒಂದು ಲಾಭವಿದೆ. ಅತಿ ಹೆಚ್ಚು ಬೆಳಕು ಬೇಡುವುದು ಆ ಗಟ್ಟಿ ಹವಳಗಳಲ್ಲೇ ಕೆಲವು, ಕೊಂಬೆ ಕೊಂಬೆಯಾಗಿ ಬೆಳೆಯುವಂಥವು. ಜೀವಿಗಳು ಬಳಸಬಲ್ಲ ಬೆಳಕನ್ನು ಅಳೆಯುವ ಅಳತೆಗೆ ‘ಪಾರ್’ ಎನ್ನುತ್ತಾರೆ. ನಡುಮಧ್ಯಾಹ್ನದ ಬಿಸಿಲು ಆ ಅಳತೆಯಲ್ಲಿ ಸುಮಾರು 2000. ಕೊಂಬೆ ಹವಳಕ್ಕೆ 200ರಿಂದ 400 ಬೇಕೆನ್ನುತ್ತಾರೆ. ಅಣಬೆಯಂತೆ, ಚರ್ಮದಂತೆ ಮೆತ್ತಗಿರುವ ಹವಳಗಳಿಗೆ 50ರಿಂದ 150 ಸಾಕು. ದುಬಾರಿ ದೀಪದ ಜಾಹೀರಾತು ತೋರಿಸುವುದು ಕೊಂಬೆ ಹವಳವನ್ನು. ಇಲ್ಲಿನ ಮನೆಗಳಲ್ಲಿ ಅದನ್ನು ಸಾಕುವ ಆಸೆಯನ್ನೇ ಬಿಟ್ಟರೆ ಆ ದೀಪದ ಅಗತ್ಯವೂ ಅರ್ಧ ಹೋಯಿತು.

ಪಾರ್ ಅಳೆಯುವ ಮೀಟರ್ ದುಬಾರಿ. ಫೋನಿನ ಲಕ್ಸ್ ಆ್ಯಪ್‌ನಿಂದ ಅಳೆಯಬಹುದೇ ಎಂದು ಕೇಳುವವರಿದ್ದಾರೆ. ಲಕ್ಸ್ ಎನ್ನುವುದು ಮನುಷ್ಯನ ಕಣ್ಣಿನ ಅಳತೆ. ನಮ್ಮ ಕಣ್ಣಿಗೆ ಹಸಿರು ಜೋರು, ನೀಲಿ ಮಂದ. ಹಾಗಾಗಿ ನೀಲಿ ದೀಪದ ಕೆಳಗೆ ಫೋನ್ ಕಡಿಮೆ ತೋರಿಸುತ್ತದೆ. ಆದರೆ ಒಂದು ಕೆಲಸಕ್ಕೆ ಅದು ಸಾಕು. ನೀರು ತುಂಬುವ ಮೊದಲು, ಖಾಲಿ ತೊಟ್ಟಿಯಲ್ಲಿ ಬಂಡೆ ಕೂರುವ ಜಾಗಗಳಲ್ಲಿ ಫೋನ್ ಇಟ್ಟು ನೋಡಿ. ಒಂದು ಕಡೆ 9 ಸಾವಿರ, ಇನ್ನೊಂದು ಕಡೆ 3 ಸಾವಿರ ಬಂದರೆ ದೀಪ ಸರಿಸಬೇಕೆಂದು ತಿಳಿಯಿತು. ಅಂಕಿ ನಂಬಬೇಡಿ, ಅಂಕಿಗಳ ನಡುವಿನ ಅಂತರ ನಂಬಿ.

ಕೃಷಿ ಯಂತ್ರಧಾರೆಯಲ್ಲಿ ಟಿಲ್ಲರ್, ಬಿತ್ತನೆ ಯಂತ್ರ ಬಾಡಿಗೆಗೆ ಸಿಗುತ್ತವೆ. ಎಲ್ಲರೂ ಕೊಳ್ಳುವುದಿಲ್ಲ, ಎಲ್ಲರಿಗೂ ಕೆಲಸ ಆಗುತ್ತದೆ. ಪಾರ್ ಮೀಟರ್‌ಗೂ ಇದೇ ದಾರಿ ಸರಿ. ಐದಾರು ಜನ ಸೇರಿ ಒಂದು ಕೊಂಡು ಕೈ ಬದಲಿಸಿಕೊಳ್ಳಬಹುದು. ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನೆಯ ಕೇಂದ್ರಗಳಿವೆ, ಕೆರೆ ಮೀನಿನ ಬಗ್ಗೆ ಅವರಿಗೆ ಗೊತ್ತಿರುವುದು ಸಣ್ಣದಲ್ಲ. ಅಂಥ ಕಡೆ ತೊಟ್ಟಿ ಕೆಲಸದ ಹುಡುಗರಿಗೆ ಎರಡು ದಿನದ ತರಬೇತಿ, ಜೊತೆಗೆ ಬಾಡಿಗೆಗೆ ಒಂದು ಮೀಟರ್ ಇದ್ದರೆ ಏನು ಕಷ್ಟ? ವೈರಿಂಗ್, ನೀರಿನ ಉಪ್ಪಿನ ಹದ, ಕಾಯ್ದೆ, ಇಷ್ಟು ಕಲಿತವನು ತಿಂಗಳಿಗೆ ಹತ್ತು ಮನೆಯ ತೊಟ್ಟಿ ನೋಡಿಕೊಂಡು ಬದುಕಬಹುದು. ಈಗ ಅವನು ಕಲಿಯುತ್ತಿರುವುದು ವಿಡಿಯೊ ನೋಡಿ. ಆ ವಿಡಿಯೊಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ, ದೀಪ ಮಾರುವವರ ದುಡ್ಡಿನಲ್ಲಿ ಮಾಡಿದವು.

ಕೊನೆಗೆ ಬ್ಯಾಟರಿ ವಿಷಯ. ಕರೆಂಟು ಹೋದಾಗ ದೀಪವೂ ಉರಿಯಲಿ ಎಂದು ದೊಡ್ಡ ಯುಪಿಎಸ್ ಕೇಳುವ ಯಜಮಾನರಿದ್ದಾರೆ. ಬೇಡ. ಮೋಡ ಕವಿದ ದಿನಗಳು ಸಮುದ್ರದಲ್ಲೂ ಇರುತ್ತವೆ, ಒಂದೆರಡು ದಿನ ಕತ್ತಲಿದ್ದರೆ ಹವಳ ಸಾಯುವುದಿಲ್ಲ. ನೀರು ಅಲುಗದೆ ನಿಂತರೆ ಮಾತ್ರ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಇಳಿದು ಮೊದಲು ಮೀನು ಹೋಗುತ್ತದೆ. ಬ್ಯಾಟರಿಯನ್ನು ನೀರು ಕದಡುವ ಸಣ್ಣ ಪಂಪ್‌ಗೆ ಕೊಡಿ. ದೀಪಕ್ಕೆ ಒಂದು ಟೈಮರ್ ಸಾಕು, ಕೆಲವು ನೂರು ರೂಪಾಯಿಯದು: ಬೆಳಿಗ್ಗೆ ಬೇಡ, ಮನೆಯವರು ಯಾರೂ ಇರುವುದಿಲ್ಲ. ಮಧ್ಯಾಹ್ನ 2ಕ್ಕೆ ಹೊತ್ತಿ ರಾತ್ರಿ 10ಕ್ಕೆ ಆರಲಿ.